ಗರಿ ಸೋಕಿದರೆ ಹೂಂ ಅನ್ನು

ಇದು ಕಟ್ಟುಕತೆಯಲ್ಲ, ಬಿಚ್ಚುಕತೆ. ಕುಷ್ಠವೆಂದು ಊರೇ ಮುಟ್ಟದ ಹಗಲುವೇಷದ ಮೇಳದಲ್ಲಿ ತಬಲಾ ಬಾರಿಸುವ ಮಾರೆಪ್ಪನಿಗೆ ಡಾಕ್ಟರೇ ಗುಡಾರಕ್ಕೆ ನಡೆದು ಬಂದು ಮದ್ದು ಕೊಡುತ್ತಿದ್ದರು. ಅವನ ಮರಗಟ್ಟಿದ ಬೆರಳುಗಳಿಗೆ ಸ್ಪರ್ಶ ಮರಳಿದೆಯೇ ಎಂದು ಅಂದು ಹಕ್ಕಿಗರಿಯಿಂದ ಪರೀಕ್ಷೆ. ಮರಳದಿದ್ದರೆ ತಬಲಾ ಬಿಟ್ಟು ಭಿಕ್ಷೆಯೇ ಗತಿ.

"ಕಣ್ಣು ಮುಚ್ಚಪ್ಪ. ಗರಿ ಸೋಕಿದ್ದು ತಿಳಿದ್ರ ಹೂಂ ಅನ್ನು."

ಹೆಬ್ಬೆರಳಿಗೆ ಸೋಕಿಸಿದರು.

"ಇಲ್ರೀ."

ತೋರುಬೆರಳಿಗೆ ಸೋಕಿಸಿದರು.

"ಇಲ್ರೀ ಸಾಹೇಬ್ರ."

ನಡುಬೆರಳಿಗೂ ಅದೇ ಉತ್ತರ. ಡಾಕ್ಟರ ಗರಿ ಹಿಡಿದ ಕೈ ಮುಂದಕ್ಕೆ ಹೋಗಲಿಲ್ಲ. ಸುತ್ತ ನಿಂತ ಗುಡಾರದವರು ಹತ್ತಿರ ಸರಿದರು. ಕಣ್ಣು ಮುಚ್ಚಿದ ಮಾರೆಪ್ಪ ಸುಮ್ಮನೇ ಕೂತಿದ್ದ.

ಸುಮ್ಮನೆ?

ಡಾಕ್ಟರು ಇನ್ನಷ್ಟು ಹೊತ್ತು ಮುಟ್ಟದೆ ಕಾದರು. ಮಾರೆಪ್ಪ ತುಟಿ ಬಿಚ್ಚಲಿಲ್ಲ. ಆಮೇಲೆ ಸದ್ದಿಲ್ಲದೆ ಕಿರುಬೆರಳಿಗೆ ಗರಿ ಸೋಕಿಸಿದರು.

"ಇಲ್ರೀ," ಎಂದ, ಕಣ್ಣು ಮುಚ್ಚಿಕೊಂಡೇ, ತಕ್ಷಣ.

ಗುಡಾರವೆಲ್ಲ ನಕ್ಕಿತು. ಎಲ್ಲರಿಗಿಂತ ಜೋರು ನಗೆ ಡಾಕ್ಟರದೇ.