ಹತ್ತು ದಿನದ ನಿದ್ದೆ

ವರ್ಷಕ್ಕೆ ನಾಲ್ಕು ಸಲ ದಾಕ್ಷಾಯಿಣಿಯ ಮಿದುಳಿನಲ್ಲಿ ಹತ್ತು ದಿನದ ನಿದ್ದೆಯ ರಸ ಊರುತ್ತದೆ. ಈಗ ಅದೇನೂ ತೊಂದರೆಯಲ್ಲ. ತೂಕಡಿಕೆ ಶುರುವಾದ ಕೂಡಲೇ ಆಸ್ಪತ್ರೆಗೆ ಬಂದು, ಬೆನ್ನುಹುರಿಯಿಂದ ಆ ರಸ ತೆಗೆಸಿ, ನಿದ್ದೆ ಬಾರದವರಿಗೆ ಕೊಟ್ಟು ಹೋಗುತ್ತಾಳೆ. ಎಷ್ಟು ಕೊಡಬೇಕೆಂಬುದು ಕೊಡುವವರ ಇಷ್ಟ. ಪಡೆಯುವವರು ಅದಕ್ಕೆ ಒಪ್ಪಿ ಮೊದಲೇ ಸಹಿ ಹಾಕಿರುತ್ತಾರೆ.

ಈ ಸಲ ಪಕ್ಕದ ಮಂಚದಲ್ಲಿ ಸೂಜಿ ಚುಚ್ಚಿಸಿಕೊಂಡು ಮಲಗಿದ್ದವರು ಅವಳ ಹೈಸ್ಕೂಲಿನ ಮಾದಪ್ಪ ಮೇಷ್ಟ್ರು. ಅವರಿಗೆ ಇವಳ ಗುರುತು ಸಿಗಲಿಲ್ಲ.

"ಒಂದು ರಾತ್ರಿದು ಸಾಕು ಕಣಮ್ಮ. ಹನ್ನೊಂದು ದಿನದಿಂದ ಕಣ್ಣು ಮುಚ್ಚಿಲ್ಲ. ಗುರುವಾರ ಮಗಳ ಮದ್ವೆ ಬೇರೆ."

"ಕೊಡೋಣ ಸಾರ್. ಕ್ಲಾಸಲ್ಲಿ ನಿದ್ದೆ ಮಾಡೋರನ್ನ ಬೆಂಚ್ ಮೇಲೆ ನಿಲ್ಲಿಸಿ ಮುಖಕ್ಕೆ ನೀರು ಎರಚ್ತಿದ್ರಲ್ಲ, ನೆನಪಿದ್ಯಾ?"

ಮೇಷ್ಟ್ರು ನಕ್ಕರು. "ಅಂಥ ಸೋಮಾರಿಗಳು ಎಷ್ಟು ಜನ! ಒಬ್ಳಂತೂ ಹತ್ತನೇ ಕ್ಲಾಸ್ ಪರೀಕ್ಷೆಗೂ ಏಳ್ಲಿಲ್ಲ. ಅವಳಪ್ಪ ಬಂದು ಕಾಯಿಲೆ ಸಾರ್ ಅಂತ ಕಾಲಿಗೆ ಬಿದ್ದ. ಹಾಲ್ ಟಿಕೆಟ್ ಹರಿದು ಅವನ ಕೈಲಿಟ್ಟೆ."

ಸಿಸ್ಟರ್ ಬಂದು ನಳಿಕೆ ಜೋಡಿಸಿದರು. "ಎಷ್ಟು ಬಿಡ್ಲಿ ದಾಕ್ಷಾಯಿಣಿ?"

ಹೆಸರು ಕೇಳಿ ಮೇಷ್ಟ್ರ ನಗು ನಿಂತಿತು.

"ಪೂರ್ತಿ ಬಿಡಿ ಸಿಸ್ಟರ್. ಹತ್ತು ದಿನದ್ದೂ."

"ಬೇಡ ಕಣಮ್ಮ, ಧಾರೆ ಎರೆಯೋನು ನಾನು..." ಅನ್ನುವಷ್ಟರಲ್ಲಿ ಅವರ ರೆಪ್ಪೆ ಭಾರವಾಯಿತು.

ದಾಕ್ಷಾಯಿಣಿ ಅವರ ಹೊದಿಕೆಯನ್ನು ಕತ್ತಿನವರೆಗೆ ಎಳೆದು, ಕಿವಿಯ ಹತ್ತಿರ ಬಗ್ಗಿದಳು.

"ಛತ್ರ ಯಾವ್ದು ಅಂತ ಹೇಳಿ ಮಲಗಿ ಸಾರ್. ನಾನಂತೂ ಎಚ್ಚರವಾಗಿರ್ತೀನಿ, ಊಟ ಮಾಡ್ಕೊಂಡು ಬರ್ತೀನಿ."