ಮುಸುರೆಯಲ್ಲಿ ಮೂಳೆ

ಲಕ್ಷ್ಮೀದೇವಮ್ಮ ಮೊಣಕೈವರೆಗೆ ಡ್ರಮ್ಮಿನೊಳಗೆ ಕೈ ಇಳಿಸಿ ಕಲಕಿದರು. ಅನ್ನ, ಹುಳಿ, ಒಬ್ಬಟ್ಟಿನ ಚೂರು, ಅರ್ಧ ಕಚ್ಚಿ ಬಿಟ್ಟ ಬಾಳೆಹಣ್ಣು. ಆಮೇಲೆ ಬೆರಳಿಗೆ ಗಟ್ಟಿಯಾದದ್ದೇನೋ ಸಿಕ್ಕಿತು. ಹೊರಗೆ ತೆಗೆದು, ನಲ್ಲಿಯಡಿ ತೊಳೆದು, ಬೆಳಕಿಗೆ ಹಿಡಿದರು. ಮೂಳೆ.

ಬಸವನಗುಡಿಯ ಆ ಛತ್ರದ ಹಿಂಬಾಗಿಲಿಗೆ ಅವರ ಟೆಂಪೋ ಬರುತ್ತಿರುವುದು ಹನ್ನೊಂದು ವರ್ಷದಿಂದ. ಮದುವೆ ಊಟದಲ್ಲಿ ಮಿಕ್ಕಿದ್ದೆಲ್ಲ ಊರಾಚೆ ಅವರು ಸಾಕಿರುವ ಹಂದಿಗಳಿಗೆ ಹೋಗುತ್ತದೆ. ಬಿರಿಯಾನಿ ಹೋಟೆಲಿನವರು ಕರೆದು ಕೊಟ್ಟರೂ ಮುಟ್ಟುವವರಲ್ಲ. ಶುದ್ಧ ಸಸ್ಯಾಹಾರದ ಛತ್ರದ್ದೇ ಆಗಬೇಕು. ಕೇಳಿದವರು ಇದೆಂಥ ಮಡಿ ಎಂದು ನಗುತ್ತಿದ್ದರು. ಮುಸುರೆಯಲ್ಲಿ ಮಾಂಸದ ಚೂರು ಸೇರಿದರೆ ಅದರಿಂದಲೇ ಹಂದಿಗಳನ್ನು ಸಾಲಾಗಿ ಕೊಲ್ಲುವ ಹಂದಿಜ್ವರ ಬರಬಹುದು ಎಂದು ಪಶುವೈದ್ಯರು ಹೇಳಿದ್ದನ್ನು ಸುತ್ತಲಿನವರು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದರು. ಲಕ್ಷ್ಮೀದೇವಮ್ಮ ಬಿಡಲಿಲ್ಲ. ಹೋದ ವರ್ಷ ಅಕ್ಕಪಕ್ಕದ ಒಂಬತ್ತು ಫಾರಂಗಳಲ್ಲಿ ಗುಂಡಿ ತೋಡಿ, ಸುಣ್ಣ ಸುರಿದು ಆ ಜ್ವರಕ್ಕೆ ಸತ್ತ ಹಂದಿಗಳನ್ನು ಹೂಳಬೇಕಾಯಿತು. ಇವರ ಶೆಡ್ಡಿನಲ್ಲಿ ಒಂದು ಮರಿಯೂ ಮೇವು ಬಿಡಲಿಲ್ಲ.

“ಮ್ಯಾನೇಜರ್ ಸಾರ್, ಸ್ವಲ್ಪ ಬನ್ನಿ ಇಲ್ಲಿ.”

ಛತ್ರದ ಮ್ಯಾನೇಜರ್ ವಂಶಿ ಬಂದ. ಅವರ ಅಂಗೈಯಲ್ಲಿದ್ದ ಮೂಳೆ ಕಂಡವನೇ ಮೊದಲು ಬಾಗಿಲು ಎಳೆದುಕೊಂಡ. ಒಳಗೆ ಬೀಗರು ಎರಡನೇ ಪಂಕ್ತಿಗೆ ಕೂತಿದ್ದರು.

“ಮೆತ್ತಗೆ ಮಾತಾಡಿ. ಹೂವಿನ ಅಲಂಕಾರದವರು ನಿನ್ನೆ ಹೊರಗಿಂದ ಪಾರ್ಸೆಲ್ ತರಿಸ್ಕೊಂಡಿದ್ರು ಅನ್ಸುತ್ತೆ. ತಿಂದು ಇದಕ್ಕೇ ಸುರಿದಿದ್ದಾರೆ.”

“ಹಾಗಾದ್ರೆ ನಾಲ್ಕು ಡ್ರಮ್ಮೂ ನಂಗೆ ಬೇಡ.”

“ನಾಲ್ಕೂನಾ? ಸಿಕ್ಕಿದ್ದು ಒಂದರಲ್ಲಿ ತಾನೇ.”

“ಮಿಕ್ಕಿದ್ರಲ್ಲಿ ಏನಿದೆ ಅಂತ ನೀವು ಕೈ ಹಾಕಿ ನೋಡಿದೀರಾ ಸಾರ್?”

“ಹಂದಿ ಕಣಮ್ಮ. ಏನ್ ಹಾಕಿದ್ರೂ ತಿನ್ನುತ್ತೆ.”

“ಅದು ತಿನ್ನುತ್ತೆ. ನಾನು ಹಾಕಲ್ಲ.”

“ಹೆಂಗೂ ಕುದಿಸಿ ತಾನೇ ಹಾಕೋದು?”

“ಕುದಿಸೋ ಹಂಡೆ ಇರೋದು ಫಾರಂ ಒಳಗೆ. ಅಲ್ಲಿಗೆ ಇದನ್ನ ನಾನೇ ಹೊತ್ಕೊಂಡು ಹೋಗ್ಲಾ?”

ವಂಶಿಯ ಮುಖ ಗಂಟಾಯಿತು. “ಹಾಗಾದ್ರೆ ನಾಳೆಯಿಂದ ಬರ್ಬೇಡಿ. ತಗೊಂಡು ಹೋಗೋಕೆ ಇನ್ನಿಬ್ಬರು ಕಾಯ್ತಿದಾರೆ.”

ಈ ಬಾಗಿಲು ಮುಚ್ಚಿದರೆ ಇಂಥ ಇನ್ನೊಂದು ಬಾಗಿಲು ಸುಲಭಕ್ಕೆ ಸಿಗುವುದಿಲ್ಲ. ಅದು ಲಕ್ಷ್ಮೀದೇವಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಒಂದೊಂದೇ ಡ್ರಮ್ಮಿಗೆ ಮುಚ್ಚಳ ಹಾಕಿ ಗೋಡೆಯ ಕಡೆಗೆ ಸರಿಸಿದರು.

ಮಾತು ಕೇಳಿ ಒಳಗಿಂದ ವೆಂಕಟಾಚಲ ಅಯ್ಯಂಗಾರ್ಯರು ಸೌಟು ಹಿಡಿದೇ ಬಂದರು. ಮೂವತ್ತು ವರ್ಷದಿಂದ ಆ ಛತ್ರದ ಮದುವೆ ಅಡುಗೆ ಅವರದೇ. ಹನ್ನೊಂದು ವರ್ಷದಲ್ಲಿ ಲಕ್ಷ್ಮೀದೇವಮ್ಮನಿಗೆ ಅವರು ಹೇಳಿದ್ದು “ಗಾಡಿ ಸ್ವಲ್ಪ ಆಚೆ ಹಾಕಮ್ಮ” ಅನ್ನುವುದೊಂದೇ ಮಾತು, ಅದೂ ಬೇರೆಲ್ಲೋ ನೋಡುತ್ತಾ. ಈಗ ಮೂಳೆ ಕಂಡು ಸೌಟು ಕೆಳಗಿಳಿಸಿದರು.

“ನನ್ನ ಅಡುಗೆಮನೆದಾ?”

“ನಿಮ್ಮದಲ್ಲ ಸ್ವಾಮಿ. ನಿಮ್ಮ ಅಡುಗೆ ನಂಗೊತ್ತಿಲ್ವಾ? ಹನ್ನೊಂದು ವರ್ಷದಿಂದ ನಮ್ಮವು ತಿಂತಿರೋದು ಅದೇ. ಸುತ್ತಮುತ್ತ ಹಂದಿ ಸಾಲಾಗಿ ಸತ್ತಾಗ ನಮ್ದು ಒಂದೂ ಹೋಗ್ಲಿಲ್ಲ. ಡಾಕ್ಟ್ರು ಬಂದು, ಏನಮ್ಮ ಹಾಕ್ತೀಯ ಅಂದ್ರು. ಬಸವನಗುಡಿ ಮದುವೆ ಊಟ ಅಂದೆ.”

ವೆಂಕಟಾಚಲರಿಗೆ ಎತ್ತ ನೋಡಬೇಕೋ ತಿಳಿಯಲಿಲ್ಲ. ಮೂವತ್ತು ವರ್ಷ ಬೀಗರ ಬಾಯಿಂದ ಉಪ್ಪು ಕಮ್ಮಿ, ಹುಳಿ ಜಾಸ್ತಿ ಎಂದೇ ಕೇಳಿಸಿಕೊಂಡವರು. ಉಂಡವರು ಬದುಕಿಕೊಂಡರು ಎಂದು ಯಾರೂ ಬಂದು ಹೇಳಿರಲಿಲ್ಲ.

“ಖಾಲಿ ಗಾಡಿ ತಗೊಂಡು ಹೋದ್ರೆ ಅವಕ್ಕೆ ಇವತ್ತು ಏನು?”

“ಒಂದು ದಿನ ಉಪವಾಸ. ನಿಮ್ಮಲ್ಲೂ ಏಕಾದಶಿ ಇಲ್ವಾ ಸ್ವಾಮಿ?”

ವಂಶಿ ಕಿಸಕ್ಕನೆ ನಕ್ಕ. ವೆಂಕಟಾಚಲರು ನಗಲಿಲ್ಲ.

“ಇವತ್ತು ಏಕಾದಶಿ ಅಲ್ಲ. ನನ್ನ ಅಡುಗೆ ನಂಬ್ಕೊಂಡಿರೋರು ಯಾರೂ ಹಸ್ಕೊಂಡಿರಬಾರದು. ದೊಡ್ಡ ಒಲೆ ಇನ್ನೂ ಉರೀತಿದೆ. ಅಕ್ಕಿ ನಂದು, ಛತ್ರದ್ದಲ್ಲ.”

“ಅಡುಗೆನಾ? ಹಂದಿಗಾ?” ಎಂದ ವಂಶಿ.

“ಹೌದಪ್ಪ. ನಾಳೆಯಿಂದ ಇವರ ಗಾಡಿ ಇಲ್ಲಿಗೆ ಬರ್ಲಿಲ್ಲ ಅಂದ್ರೆ ನಾನೂ ಬರಲ್ಲ. ಮಾಲೀಕರಿಗೆ ಈಗ್ಲೇ ಹೇಳ್ಬಿಡು.”

ವಂಶಿ ಒಳಗೆ ನಡೆದ. ಅವನು ಯಾರಿಗೂ ಫೋನು ಮಾಡಲಿಲ್ಲ.

ವೆಂಕಟಾಚಲರು ಮೊದಲ ಸಲ ಲಕ್ಷ್ಮೀದೇವಮ್ಮನ ಮುಖ ನೋಡಿದರು. ಮದುವೆ ಅಡುಗೆ ಒಪ್ಪಿಸಲು ಬರುವ ಪ್ರತಿ ಹೆಣ್ಣಿನ ತಂದೆಯನ್ನು, ಊಟಕ್ಕೆಷ್ಟು ಜನ ಎಂದು ತಿಳಿಯಲು, ಮೊದಲು ಕೇಳುವುದನ್ನೇ ಕೇಳಿದರು.

“ಎಷ್ಟು ಎಲೆ?”

ಲಕ್ಷ್ಮೀದೇವಮ್ಮ ಮೂಳೆ ಎಸೆದು, ಸೋಪು ಹಾಕಿ ಕೈ ತೊಳೆದು, ಸೆರಗು ಸರಿಮಾಡಿಕೊಂಡು ಮನೆಯ ಯಜಮಾನಿಯ ಹಾಗೆ ನೆಟ್ಟಗೆ ನಿಂತರು.

“ಎಂಬತ್ತೆರಡು ಸ್ವಾಮಿ. ಅದರಲ್ಲಿ ಆರು ಜನ ಬಾಣಂತಿಯರು.”