ನೆಲದ ಮೇಲಿನ ಚಾವಿ

ಓಬಳೇಶ ಚಾವಿಯನ್ನು ಕೈಗೆ ಕೊಡಲಿಲ್ಲ. ಅಂಗಡಿಯ ಹೊಸ್ತಿಲಾಚೆ ನೆಲದ ಮೇಲಿಟ್ಟು ಹಿಂದಕ್ಕೆ ಸರಿದು ನಿಂತ.

"ತಗೋರಿ ಸರ."

ಹುಡುಗ ತಕ್ಷಣ ಬಗ್ಗಲಿಲ್ಲ. ಚಾವಿ ನೋಡಿದ. ಆಮೇಲೆ ಓಬಳೇಶನ ಮುಖ ನೋಡಿದ.

"ಕೈಗೇ ಕೊಡಬಹುದಿತ್ತಲ್ಲ?"

"ಕೈಯೆಲ್ಲ ಗ್ರೀಸ್ ಆಗೈತ್ರಿ."

ಹೇಳಿದ ಮೇಲೆ ನೆನಪಾಯಿತು, ಈಗಷ್ಟೇ ಸೋಪು ಹಚ್ಚಿ ತೊಳೆದಿದ್ದ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಹುಡುಗ ಸುಮ್ಮನೆ ನಕ್ಕು, ಬಗ್ಗಿ ಚಾವಿ ಎತ್ತಿಕೊಂಡ. ಓಬಳೇಶನ ಎದೆಯ ಮೇಲಿನ ಕಲ್ಲು ಅರ್ಧ ಇಳಿಯಿತು.

ಕೂಡ್ಲಿಗಿಯಲ್ಲಿ ಅವನದು ಬಾಡಿಗೆ ಸೈಕಲ್ ಅಂಗಡಿ. ಸಾಲಾಗಿ ನಿಂತ ಸೈಕಲ್ಲುಗಳ ಮಡ್‌ಗಾರ್ಡಿನ ಮೇಲೆಲ್ಲ ಬಿಳಿ ಬಣ್ಣದ ನಂಬರು. ಪಕ್ಕದಲ್ಲಿ ಎರಡು ಮೋಟರ್ ಬೈಕು: ಒಂದು ಹಳೆಯದು, ಭಾರದ್ದು, ಇನ್ನೊಂದು ಹಗುರ, ಕೆಂಪು, ಮಡ್‌ಗಾರ್ಡಿಗೆ ನಂಬರಿಲ್ಲದ್ದು. ಮದುವೆಗೆ ಹೋಗುವವರು, ಹೆಣ್ಣು ನೋಡಲು ಹೋಗುವವರು ಒಯ್ಯುತ್ತಿದ್ದರು. ತೊಂಬತ್ತೆಂಟರ ದಸರೆ ರಜೆಯಲ್ಲಿ ಬೆಟ್ಟ ಸುತ್ತಲು ಗಾಡಿ ಕೇಳಿದವನು ಇವನೊಬ್ಬನೇ. ಹೆಸರು ಪ್ರವೀಣಕುಮಾರ್, ಬಂದದ್ದು ಬೆಂಗಳೂರಿನಿಂದ. ಹೆಗಲಿಗೊಂದು ಬ್ಯಾಗು, ಕೊರಳಲ್ಲೊಂದು ಕ್ಯಾಮೆರಾ.

"ಗುಡೇಕೋಟೆ ಬೆಟ್ಟದ ತಿರುವುಗಳಿಗೆ ಹಗುರದ್ದೇ ಸರಿ," ಎಂದ. "ಕೊಟ್ಟೂರಲ್ಲಿ, ಹಡಗಲಿಯಲ್ಲಿ, ಹರಪನಹಳ್ಳಿಯಲ್ಲೂ ಹಗುರದ್ದೇ ತಗೊಂಡಿದ್ದೆ. ಹೊಳಲಿನ ಅನಂತಶಯನ ಆಯ್ತು, ನೀಲಗುಂದ ಆಯ್ತು."

"ಊರಿಗೊಂದು ಗಾಡಿ! ಏನ್ರಿ, ಕನ್ಯಾ ನೋಡಾಕ ಹೊಂಟೀರೇನು?"

"ಹುಡುಕ್ತಾನೇ ಇದೀನಿ. ಸಿಗಬೇಕಲ್ಲ?"

ಹೊರಡುವ ಮುಂಚೆ ಮುಂದಿನ ಗಾಲಿಯೆದುರು ಕುಕ್ಕರಗಾಲಲ್ಲಿ ಕೂತು ಒಂದು ಫೋಟೋ ತೆಗೆದ. ಆಮೇಲೆ ಗಾಡಿ ಬುರ್ರೆಂದು ಗುಡೇಕೋಟೆ ರಸ್ತೆ ಹಿಡಿಯಿತು. ಓಬಳೇಶ ತಿರುಗಿ ನೋಡಲಿಲ್ಲ. ನೋಡಬಾರದೆಂದು ಅಕ್ಕ ಅಂಜಿನಕ್ಕ ಹೇಳಿದ್ದಳು.

ಅದು ನಡೆದದ್ದು ಆ ವರ್ಷದ ಶ್ರಾವಣದ ಒಂದು ಮುಸ್ಸಂಜೆ. ಓಬಳೇಶ ಇದೇ ಗಾಡಿಯಲ್ಲಿ ಕಾನಹೊಸಹಳ್ಳಿ ಕಡೆಯಿಂದ ಬರುತ್ತಿದ್ದ. ಹೆಡ್‌ಲೈಟಿನ ಬಲ್ಬು ಸುಟ್ಟಿತ್ತು. ಹುಲ್ಲಿನ ಹೊರೆ ಹೊತ್ತ ಹೆಂಗಸು ರಸ್ತೆ ದಾಟುತ್ತಿದ್ದಳು. ಹೊರೆ ಹಾರಿದ್ದು ಕಂಡಿತು, ಹೆಂಗಸು ಕಾಣಲಿಲ್ಲ. ಓಬಳೇಶ ನಿಲ್ಲಿಸಲಿಲ್ಲ. ಅವಳು ಅಲ್ಲೇ ಸತ್ತಳೆಂದು ಸಂತೆಯಲ್ಲಿ ಯಾರೋ ಹೇಳಿದರು. ನೋಡಿದವರು ಒಬ್ಬರೂ ಇರಲಿಲ್ಲ. ಗಾಡಿಗೆ ಮುಂದಿನ ಮಡ್‌ಗಾರ್ಡಿನ ಒಂದು ಮೂಲೆ ಮುರಿದದ್ದು ಬಿಟ್ಟರೆ ಏನೂ ಆಗಿರಲಿಲ್ಲ. ನೀಲಿ ಗಾಡಿಗೆ ತಾನೇ ಕೆಂಪು ಬಳಿದು, ತಾಡಪಾಲು ಹೊದಿಸಿಟ್ಟ. ಮತ್ತೆ ಅದನ್ನು ಹತ್ತುವ ಧೈರ್ಯ ಬರಲಿಲ್ಲ.

"ಲೇ ಓಬಳ್ಯಾ, ಸಾವು ಕಂಡ ಗಾಡಿ ಅದು," ಅಂದಿದ್ದಳು ಅಂಜಿನಕ್ಕ. "ಆಯುಧಪೂಜಿಗೆ ಮದ್ಲ ಪರಊರಾವ ಒಬ್ಬಾವ ಹತ್ತಿ ಹೋಗ್ಲಿ. ಪೀಡಿ ಅವನ ಬೆನ್ನ ಹತ್ತತೈತಿ. ಇಲ್ಲಾಂದ್ರ ನಿನ್ನ ಹೆಂಡ್ತಿ ಬಸುರಿ ಅದಾಳ, ನೆನಪಿಟ್ಕ. ಚಾವಿ ಮಾತ್ರ ಕೈಯಿಂದ ಕೈಗೆ ಕೊಡಬ್ಯಾಡ. ನೆಲಕ್ಕಿಡು, ಅವನಾ ತಗೊಳ್ಲಿ."

ಇಳಿತೆಗೆದು ನಿವಾಳಿಸಿದ ನಿಂಬೆಹಣ್ಣನ್ನು, ಪೀಡೆಯ ವಸ್ತುವನ್ನು ಹೀಗೆ ನೆಲಕ್ಕಿಟ್ಟು ದಾಟಿಸುವುದು ಈ ಸೀಮೆಯ ಮಕ್ಕಳಿಗೂ ಗೊತ್ತು. ಬೆಂಗಳೂರಿನವನಿಗೆ ಏನು ಗೊತ್ತು?

ಬಿಸಿಲು ಏರಿತು. ಗುಡೇಕೋಟೆಯಿಂದ ಬಂದ ಟೆಂಪೋವನ್ನು ಓಬಳೇಶ ಅಡ್ಡ ಹಾಕಿದ. ಡ್ರೈವರ್ ಸುಂಕಪ್ಪ ತಲೆ ಹೊರಹಾಕಿದ.

"ಆ ಕಡಿ ದಾರ್‍ಯಾಗ ಏನಾರ ಆಗೈತೇನಲೇ?" ಓಬಳೇಶ ಕೇಳಿದ.

"ಏನೂ ಇಲ್ಲ. ಯಾಕಲೇ, ಏನಾರ ಆಗಬೇಕಿತ್ತೇನು?"

ಓಬಳೇಶನಿಗೆ ಬಂಡೆಯ ಪಕ್ಕದ ಕಡಿದಾದ ತಿರುವು ಕಣ್ಣ ಮುಂದೆ ಬಂತು, ಹುಡುಗನ ನಗುವೂ ಬಂತು. ಅವನಿಗೂ ಮನೆಯಲ್ಲಿ ಯಾರೋ ಇದ್ದಾರು. ಭಾರದ ಗಾಡಿಯ ಸ್ಟ್ಯಾಂಡು ತೆಗೆದ. ಹೋಗಿ ಕರೆತಂದುಬಿಡಬೇಕು. ಅಷ್ಟರಲ್ಲಿ ಒಳಗೆ ಹೆಂಡತಿ ಗೀತಮ್ಮ ಸೊಂಟ ಹಿಡಿದುಕೊಂಡು ನರಳಿದ್ದು ಕೇಳಿಸಿತು. ಸ್ಟ್ಯಾಂಡು ಮತ್ತೆ ಹಾಕಿದ.

ಬಿಸಿಲು ಬಾಡುವ ಹೊತ್ತಿಗೆ ಆ ಗಾಡಿಯ ಸದ್ದೇ ಕೇಳಿಸಿತು.

ಹುಡುಗ ಬಂದಿದ್ದ. ಮೈಮೇಲೆ ಒಂದು ಗೀರೂ ಇರಲಿಲ್ಲ. ಓಬಳೇಶನಿಗೆ ಅಳು ಬಂದಂತಾಯಿತು, ಮರುಕ್ಷಣ ಕಣ್ಣು ಒಳಗಿನ ಬಾಗಿಲಿಗೆ ಹೋಯಿತು. ಇವನಿಗೆ ಹತ್ತದ ಪೀಡೆ ಇನ್ಯಾರಿಗೆ?

"ಗುಡೇಕೋಟಿ ಹೆಂಗಿತ್ರಿ ಸರ?"

ಓಬಳೇಶ ಗಾಲಿ ನೋಡಿದ. ಗುಡೇಕೋಟೆ ರಸ್ತೆಗೆ ಇಳಿದ ಗಾಡಿ ಮೊಣಕಾಲುದ್ದ ಕೆಂಪು ಧೂಳು ತರದೆ ಬರುವುದಿಲ್ಲ. ಇದರ ಮೇಲೆ ಧೂಳೇ ಇಲ್ಲ.

"ಅಲ್ಲಿಗೆ ಹೋಗಲಿಲ್ಲ ಅಣ್ಣಾ. ಊರ ದಾಟತಿದ್ದಂಗ ತಿರುಗಿಸಿ ಕಾನಹೊಸಹಳ್ಳಿಗೆ ಹೋಗಿದ್ದೆ. ಮನಿಗೆ."

ಮನಿಗೆ. ಬೆಂಗಳೂರಿನ ಮಾತು ಎಲ್ಲಿ ಹೋಯಿತು?

ಹುಡುಗ ಸ್ಟ್ಯಾಂಡು ಹಾಕಿ ಪಕ್ಕಕ್ಕೆ ಸರಿದ. ಮುಂದಿನ ಮಡ್‌ಗಾರ್ಡು ಈಗ ಪೂರ್ತಿಯಾಗಿತ್ತು. ಕೆಂಪು ಬಣ್ಣದ ಮುರಿದ ಅಂಚಿಗೆ ಒಂದು ನೀಲಿ ಚೂರು ತಂತಿಯಲ್ಲಿ ಬಿಗಿದಿತ್ತು, ಕೂದಲೆಳೆಯಷ್ಟೂ ಸಂದಿಲ್ಲದಂತೆ. ಚೂರಿನ ಮೇಲೆ ಬಿಳಿ ಬಣ್ಣದ ಅರ್ಧ ನಂಬರು. ಅದು ಓಬಳೇಶನದೇ ಕೈಬರಹ.

"ನಮ್ಮವ್ವನ ಹುಲ್ಲಿನ ಹೊರಿಯಾಗ ಸಿಕ್ಕಿತ್ತು. ನಂಬರ್ ಇತ್ತಲ್ಲ, ಬಾಡಿಗಿ ಗಾಡಿ ಅನ್ನೋದು ಗೊತ್ತಾತು. ಆದ್ರ ಮುರದ ಮಡ್‌ಗಾರ್ಡು ಎಲ್ಲಾ ಅಂಗಡ್ಯಾಗೂ ಅದಾವು."

ಓಬಳೇಶ ಹಿಂದೆ ಸರಿಯಲು ನೋಡಿದ. ಬೆನ್ನಿಗೆ ಸೈಕಲ್ಲುಗಳು ತಾಗಿದವು. ರಸ್ತೆಯಾಚೆ ಪೊಲೀಸ್ ಜೀಪು ಬಂದು ನಿಂತಿತು. ಹುಡುಗ ಅವನ ಕೈ ಹಿಡಿದೆಳೆದು, ಅಂಗೈ ಬಿಡಿಸಿ, ಚಾವಿ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದ.

"ಎಲ್ಲಾ ಊರಾಗೂ ಚಾವಿ ಕೈಗಾ ಕೊಟ್ರು ಅಣ್ಣಾ. ನೀ ಒಬ್ಬಾವ ನೆಲಕ್ಕಿಟ್ಟಿ."